ತಟ್ಟೆಯ ನೇಮ, ತಪ್ಪಲೆಯ ನೇಮ

ಕಪಿಲೆಯ ದಂಡೆಯ ಮೇಲೊಂದು ಆಶ್ರಮ. ಯಾವ ಊರಿನ ಹತ್ತಿರ ಅಂತ ಕೇಳಬೇಡಿ. ಹೊಳೆಯ ಸದ್ದು ಕೇಳಿಸುವಷ್ಟು ಹತ್ತಿರ, ಬಸ್ಸಿನ ಹಾರನ್ನು ಕೇಳಿಸದಷ್ಟು ದೂರ. ನಮಗೆ ಅಷ್ಟು ಸಾಕು.

ಅಲ್ಲಿನ ಗುರುಗಳನ್ನು ಎಲ್ಲರೂ ದೊಡ್ಡಬುದ್ಧಿ ಅನ್ನುತ್ತಿದ್ದರು. ಮಾತು ಕಮ್ಮಿ, ನಗು ಜಾಸ್ತಿ.

ಅವರ ಶಿಷ್ಯ ಷಡಕ್ಷರಿ. ಹುಡುಗನೇನಲ್ಲ, ಮೀಸೆ ನರೆಯೋಕೆ ಶುರುವಾಗಿತ್ತು. ಒಳ್ಳೆಯವನೇ ಪಾಪ, ಆದರೆ ಅಳತೆಯ ಹುಚ್ಚು. ಸಾರಿಗೆ ಉಪ್ಪು ಹಾಕು ಅಂದರೆ ಹರಳು ಎಣಿಸುತ್ತಾ ಕೂರುವ ಆಸಾಮಿ.

ಆಶ್ರಮದಲ್ಲೊಂದು ನೇಮವಿತ್ತು. ಊಟದ ತಟ್ಟೆಯಲ್ಲಿ ಒಂದು ಅಗುಳೂ ಬಿಡುವ ಹಾಗಿಲ್ಲ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೂ ಕುಡಿದುಬಿಡಬೇಕು. ಪ್ರಸಾದ ಅಂದಮೇಲೆ ಚೆಲ್ಲುವ ಮಾತೇ ಇಲ್ಲ.

ಈ ನೇಮವನ್ನು ಎಲ್ಲರೂ ಪಾಲಿಸುತ್ತಿದ್ದರು. ಷಡಕ್ಷರಿ ಮಾತ್ರ ತಲೆಗೇರಿಸಿಕೊಂಡಿದ್ದ.

ಇನ್ನೊಂದು ನೇಮವೂ ಇತ್ತು. ಅದು ಯಾರಿಗೂ ನೆನಪಿರಲಿಲ್ಲ, ಯಾಕೆಂದರೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅದು ಬರುವಾಗ ತಾನಾಗಿ ಬರುತ್ತೆ, ಇರಲಿ.

ಆಶ್ರಮದ ಉಗ್ರಾಣದಲ್ಲಿ ಹಳೆಯ ಕ್ಯಾಸೆಟ್ಟುಗಳ ಒಂದು ಪೆಟ್ಟಿಗೆ ಇತ್ತು. ಹೊಳೆಸಾಲಿನ ಹೆಂಗಸರು ರಾಗಿ ಬೀಸುತ್ತಾ ಹಾಡಿದ ಪದಗಳನ್ನು ಯಾವುದೋ ಕಾಲದಲ್ಲಿ ದೊಡ್ಡಬುದ್ಧಿಯೇ ಊರೂರು ತಿರುಗಿ ತುಂಬಿಸಿಕೊಂಡು ಬಂದದ್ದು. ಈಗ ಅದಕ್ಕೆ ಬೂಷ್ಟು ಹಿಡಿದು, ಹಾಕಿದರೆ ಬರೀ ಗೊರಗೊರ. ಆ ಗೊರಗೊರದ ಅಡಿಯಲ್ಲೆಲ್ಲೋ ಹಾಡು.

ಅದರಲ್ಲೊಂದು ದನಿ, ಅಡುಗೆಮನೆಯ ಪುಟ್ಟಮಲ್ಲಮ್ಮನ ತಾಯಿಯದು.

ಪುಟ್ಟಮಲ್ಲಮ್ಮನಿಗೇ ಈಗ ಎಪ್ಪತ್ತು ದಾಟಿದೆ. ತಾಯಿ ಹೋಗಿ ಯಾವ ಕಾಲವಾಯಿತೋ. ಒಂದು ಫೋಟೋ ಇಲ್ಲ, ಒಂದು ಸೀರೆ ಇಲ್ಲ. ಉಳಿದದ್ದು ಆ ಕ್ಯಾಸೆಟ್ಟು ಒಂದೇ.

ಭಕ್ತರೊಬ್ಬರು ಒಂದು ಕಂಪ್ಯೂಟರಿಗೆ ಬೇಕಾದ ಭಾಗಗಳನ್ನೆಲ್ಲ ಕೊಟ್ಟುಹೋದರು. ಜೊತೆಗೆ ದಪ್ಪನೆಯ ಒಂದು ಗ್ರಾಫಿಕ್ಸ್ ಕಾರ್ಡು. ಅದು ಚಿತ್ರಕ್ಕೆ ಮಾತ್ರವಲ್ಲ, ಕೊಳೆಯಾದ ಸದ್ದನ್ನು ತೊಳೆಯುವುದಕ್ಕೂ ಬೇಕು ಅಂತ ಷಡಕ್ಷರಿ ಓದಿಕೊಂಡಿದ್ದ.

"ಹುಣ್ಣಿಮೆ ಪೂಜೆಯ ಸಾಯಂಕಾಲಕ್ಕೆ ನಿಮ್ಮವ್ವನ ಹಾಡು ಕೇಳಿಸ್ತೀನಿ ಮಲ್ಲಮ್ಮಾ" ಅಂತ ಎಲ್ಲರೆದುರಿಗೆ ಮಾತು ಕೊಟ್ಟುಬಿಟ್ಟ.

ಪುಟ್ಟಮಲ್ಲಮ್ಮ ಸೆರಗಲ್ಲಿ ಕೈ ಒರೆಸಿಕೊಂಡು, ಒಳಗೆ ಹೋಗಿ ಅವನಿಗೊಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಭಾಗಗಳೆಲ್ಲ ಇದ್ದವು, ಪವರ್ ಸಪ್ಲೈ ಒಂದು ಇರಲಿಲ್ಲ. ಗೋಡೆಯ ಕರೆಂಟನ್ನು ಎಳೆದುಕೊಂಡು ಒಳಗಿನ ಒಂದೊಂದು ಭಾಗಕ್ಕೂ ಬಡಿಸುವ ಡಬ್ಬ ಅದು. ತರೋಕೆ ಷಡಕ್ಷರಿಯೇ ಪೇಟೆಗೆ ಹೋದ.

ಅಂಗಡಿಯವನು ದೊಡ್ಡದೊಂದನ್ನು ಮುಂದಿಟ್ಟ. "ಈ ಕಾರ್ಡು ಇದೆ ಅಂದ್ರಲ್ಲ ಸ್ವಾಮಿ, ಇದನ್ನ ತಗೊಳ್ಳಿ."

"ಅಷ್ಟು ಯಾಕೆ? ಈ ಕಾರ್ಡು ಮಾಮೂಲಿಗೆ ಎಷ್ಟು ಎಳೆಯುತ್ತೆ? ಅದು ಎಷ್ಟು? ಇದು ಎಷ್ಟು?" ಷಡಕ್ಷರಿ ಒಂದೊಂದನ್ನೂ ಕೇಳಿ ಕೂಡಿಸಿದ. ಬಂದ ಮೊತ್ತಕ್ಕೆ ಸರಿಯಾಗಿ ಹೊಂದುವ ಡಬ್ಬವನ್ನೇ ಹುಡುಕಿಸಿ ತೆಗೆಸಿದ.

"ತೀರಾ ಬಿಗಿಯಾಗುತ್ತೆ ಸ್ವಾಮಿ."

"ನಮ್ಮಲ್ಲಿ ತಟ್ಟೆ ತೊಳೆದ ನೀರನ್ನೂ ಚೆಲ್ಲೋದಿಲ್ಲ, ಗೊತ್ತಾ? ಬೇಕಾದಷ್ಟೇ ತಗೋಬೇಕು. ಉಳೀತು ಅಂದ್ರೆ ಅದು ಪ್ರಸಾದಕ್ಕೆ ಮಾಡಿದ ಅಪಚಾರ."

ಕಂಪ್ಯೂಟರ್ ಅಂಗಡಿಯಲ್ಲಿ ಪ್ರವಚನ! ಅಂಗಡಿಯವನು ಕೈಮುಗಿದು, ಡಬ್ಬ ಕಟ್ಟಿಕೊಟ್ಟ.

ಷಡಕ್ಷರಿ ಎಲ್ಲವನ್ನೂ ಜೋಡಿಸಿದ. ಕಂಪ್ಯೂಟರ್ ಝಗ್ ಅಂತ ಹತ್ತಿಕೊಂಡಿತು. ಆಶ್ರಮದವರೆಲ್ಲ ಬಂದು ನೋಡಿ ಭೇಷ್ ಅಂದರು. ಕ್ಯಾಸೆಟ್ಟಿನ ಸದ್ದನ್ನು ಒಳಗೆ ತುಂಬಿಸಿ, ತೊಳೆಯುವ ಕೆಲಸಕ್ಕೆ ಹಚ್ಚಿದ.

ಟಪ್ ಅಂತ ಆರಿಹೋಯಿತು.

ಮುನ್ಸೂಚನೆ ಇಲ್ಲ, ಬೈಗುಳವಿಲ್ಲ, ಪರದೆಯ ಮೇಲೆ ಒಂದಕ್ಷರವಿಲ್ಲ. ಮತ್ತೆ ಗುಂಡಿ ಒತ್ತಿದರೆ ಏನೂ ಆಗದವರ ಹಾಗೆ ಎದ್ದು ಕೂತಿತು. ಮತ್ತೆ ತೊಳೆಯೋಕೆ ಹಚ್ಚಿದ. ಮತ್ತೆ ಟಪ್. ನಡುವೆ ನಿಂತರೆ ಮಾಡಿದ್ದಷ್ಟೂ ಹೋಯಿತು, ಮೊದಲಿಂದ ಶುರು ಮಾಡಬೇಕು.

ಮಜ್ಜಿಗೆ ಹಿಡಿದು ಪುಟ್ಟಮಲ್ಲಮ್ಮ ಬಾಗಿಲಿಗೆ ಬಂದಳು. "ಷಡಕ್ಷರಪ್ಪ, ಅವ್ವ ಬಂದ್ಲಾ?"

"ಬರ್ತಾಳೆ ಮಲ್ಲಮ್ಮಾ, ದಾರೀಲಿದ್ದಾಳೆ."

ದಿನವೂ ಇದೇ ಆಯಿತು. ದಿನವೂ ಮಜ್ಜಿಗೆ, ದಿನವೂ ಅದೇ ಪ್ರಶ್ನೆ. ಹುಣ್ಣಿಮೆ ಹತ್ತಿರ ಬರುತ್ತಿತ್ತು. ಷಡಕ್ಷರಿ ಅವಳ ಮುಖ ನೋಡದೆ ಲೋಟ ಈಸಿಕೊಳ್ಳತೊಡಗಿದ.

ಕೊನೆಗೆ ಅವನಿಗೊಬ್ಬ ಕಳ್ಳ ಸಿಕ್ಕಿದ. ಅಡುಗೆಮನೆಯ ಗ್ರೈಂಡರು! ಅದು ತಿರುಗಿದಾಗಲೆಲ್ಲ ದೀಪ ಒಂದು ಚೂರು ಮಂಕಾಗುತ್ತಿತ್ತು. ಇವನ ಕಣ್ಣಿಗೆ ಅಷ್ಟೇ ಸಾಕಾಯಿತು. ಗ್ರೈಂಡರು ಬಂದ್ ಅಂತ ಅಪ್ಪಣೆ ಮಾಡಿದ.

ಚಟ್ನಿ ಹೋಯಿತು. ಇಡ್ಲಿ ಹೋಯಿತು. ರುಬ್ಬಿದ ಖಾರವಿಲ್ಲದ ಸಾರು ಬರೀ ನೀರು. ಆಶ್ರಮದವರೆಲ್ಲ ಷಡಕ್ಷರಿಯ ಮುಖ ನೋಡುತ್ತಾ ಉಂಡರು. ದೊಡ್ಡಬುದ್ಧಿ ಮಾತ್ರ ತಟ್ಟೆ ತೊಳೆದು ಕುಡಿದು ಎದ್ದುಹೋದರು.

ಕಂಪ್ಯೂಟರ್ ಆರುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಬುದ್ಧಿ ಕಂಪ್ಯೂಟರ್ ಕೋಣೆಗೆ ಬಂದರು. "ಏನಪ್ಪಾ, ಗ್ರೈಂಡರು ನಿಂತಿದೆಯಾ?"

"ನಿಂತಿದೆ ಬುದ್ಧೀ."

"ಇದು ಆರೋದು ನಿಂತಿದೆಯಾ?"

"ಇಲ್ಲ ಬುದ್ಧೀ."

"ಹಾಗಾದ್ರೆ ಹೋಗು, ಗ್ರೈಂಡರಿಗೆ ಕೈಮುಗಿದು ತಪ್ಪಾಯ್ತು ಅಂತ ಕೇಳ್ಕೊಂಡು ಬಾ."

ಷಡಕ್ಷರಿ ತಮಾಷೆ ಅಂದುಕೊಂಡ. ದೊಡ್ಡಬುದ್ಧಿ ಅಲುಗಾಡಲಿಲ್ಲ. ಹೋದ. ಗ್ರೈಂಡರಿನ ಮುಂದೆ ನಿಂತು, "ತಪ್ಪಾಯ್ತಪ್ಪಾ" ಅಂದ. ಪುಟ್ಟಮಲ್ಲಮ್ಮ ಕಡೆಗೋಲು ಕೆಳಗೆ ಹಾಕಿ, ಗೋಡೆ ಹಿಡಿದುಕೊಂಡು ನಕ್ಕಳು.

ವಾಪಸ್ಸು ಬಂದ ಮೇಲೆ ದೊಡ್ಡಬುದ್ಧಿ ಕೇಳಿದರು. "ಇದು ಯಾವಾಗ ಆರುತ್ತೆ?"

"ಯಾವಾಗ ಬೇಕಾದ್ರೂ ಆರುತ್ತೆ ಬುದ್ಧೀ."

"ಅಂದ್ರೆ ನೀನು ನೋಡಿಲ್ಲ. ಇವತ್ತು ಇದನ್ನ ರಿಪೇರಿ ಮಾಡ್ಬೇಡ. ಸುಮ್ಮನೆ ನೋಡು."

ನೋಡುವುದು ಎಷ್ಟು ಕಷ್ಟ ಅಂತ ಷಡಕ್ಷರಿಗೆ ಅವತ್ತು ತಿಳಿಯಿತು. ಕೈ ಸುಮ್ಮನಿರುವುದಿಲ್ಲವಲ್ಲ! ಕೈಕಟ್ಟಿ ಕೂತ. ಸುಮ್ಮನೆ ಬಿಟ್ಟರೆ ಕಂಪ್ಯೂಟರ್ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಓಡಿತು. ಅಕ್ಷರ ಬೆರಳಚ್ಚು ಮಾಡಿದರೂ ಓಡಿತು. ತೊಳೆಯುವ ಕೆಲಸಕ್ಕೆ ಹಚ್ಚಿದ ಕೂಡಲೇ ಕಾರ್ಡಿನ ಫ್ಯಾನು ಗುಂಯ್ ಅಂತ ದನಿ ಏರಿಸಿತು, ಅಷ್ಟೇ, ಟಪ್.

ಮುಟ್ಟಿ ನೋಡಿದ. ತಣ್ಣಗಿತ್ತು.

ಸಂಜೆ ಹೋಗಿ ಹೇಳಿದ. "ಬುದ್ಧೀ, ಬಿಸಿಯಾಗಿ ಆರ್ತಾ ಇಲ್ಲ. ಬಿಸಿಗೆ ಆರಿದ್ರೆ ತಣಿಯೋವರೆಗೂ ಏಳಬಾರದಿತ್ತು, ಇದು ಆ ಕ್ಷಣವೇ ಏಳುತ್ತೆ. ಕಾರ್ಡು ಕೆಲಸಕ್ಕೆ ಕೂತಾಗ ಮಾತ್ರ ಆರುತ್ತೆ. ಕಾರ್ಡೇ ಕೆಟ್ಟಿದೆ."

"ಗ್ರೈಂಡರಿಗೂ ಹೀಗೇ ಅಂದಿದ್ದೆ."

ಷಡಕ್ಷರಿಗೆ ಚುರುಕ್ಕೆಂದಿತು. ಮಾರನೆಯ ದಿನ ಕಾರ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪಕ್ಕದ ಊರಿನ ಶಾಲೆಗೆ ಹೋಗಿ, ಅಲ್ಲಿನ ಕಂಪ್ಯೂಟರಿಗೆ ಹಾಕಿ ನೋಡಿದ. ಕಾರ್ಡು ಅಲ್ಲಿ ಜಾಣಮರಿಯ ಹಾಗೆ ಕೆಲಸ ಮಾಡಿತು. ಹಾಡನ್ನೂ ಅಲ್ಲೇ ತೊಳೆಯೋಣವೆಂದರೆ ಅವರ ಮಕ್ಕಳ ಪಾಠ ಶುರುವಾಗುವ ಹೊತ್ತಾಯಿತು, ಬಿಚ್ಚಿಕೊಂಡು ಬಂದ.

"ಎಲ್ಲಾ ಸರಿಯಾಗಿದೆ ಬುದ್ಧೀ. ಎಲ್ಲಾ ನೋಡಿದೆ. ಆದ್ರೂ ಆರುತ್ತೆ." ಅಳು ಬರುವ ಹಾಗಿತ್ತು ಅವನಿಗೆ. "ಹುಣ್ಣಿಮೆ ಬಂತು. ಮಲ್ಲಮ್ಮನ ಮುಖ ಹೆಂಗೆ ನೋಡ್ಲಿ?"

"ಎಲ್ಲಾ ನೋಡಿದ್ಯಾ?"

"ಎಲ್ಲಾ ಬುದ್ಧೀ."

ದೊಡ್ಡಬುದ್ಧಿ ಅಡುಗೆಮನೆಯ ಕಡೆ ಕೈ ತೋರಿಸಿದರು. "ಪಾಪ, ನಿನ್ನಿಂದ ಮಲ್ಲಮ್ಮ ಇಷ್ಟು ದಿನ ಖಾರ ಅರೆಯೋಕೆ ಕೈಲಾಗದೆ ಒದ್ದಾಡಿದ್ಲು. ನಾಳೆ ಅವಳಿಗೆ ರಜ. ಅಡುಗೆ ನಿಂದು."

"ಆಗಲಿ ಬುದ್ಧೀ."

"ಅವಳ ಅಳತೆ ಬೇಡ. ನಿನ್ನ ಅಳತೇಲೇ ಮಾಡು. ಒಂದು ಚೂರೂ ಮಿಗಬಾರದು."

ಇದಕ್ಕಿಂತ ಸಂತೋಷದ ಶಿಕ್ಷೆ ಷಡಕ್ಷರಿಗೆ ಇನ್ನೊಂದಿಲ್ಲ. ಅವತ್ತೇ ಆಶ್ರಮವೆಲ್ಲ ಸುತ್ತಿ, ಒಬ್ಬೊಬ್ಬರನ್ನೂ "ನೀವು ಮಾಮೂಲಿಗೆ ಎಷ್ಟು ಮುದ್ದೆ ಉಣ್ತೀರಿ?" ಅಂತ ಕೇಳಿದ. ಒಬ್ಬರು ಅರ್ಧ ಅಂದರು, ಒಬ್ಬರು ಒಂದೂವರೆ ಅಂದರು. ಸೌದೆ ಸೀಳುವ ಮುದ್ದುವೀರ, ಭೀಮನಂಥ ಆಳು, ಹುಲ್ಲಿನ ಮೇಲೆ ಮಲಗಿದ್ದವನು ಒಂದು ಕಣ್ಣು ತೆರೆದು, "ನಂಗೆ ಒಂದು ಸಾಕು ಸ್ವಾಮಿ" ಅಂದು ಮತ್ತೆ ಕಣ್ಣು ಮುಚ್ಚಿದ.

ಷಡಕ್ಷರಿ ಎಲ್ಲವನ್ನೂ ಕೂಡಿಸಿದ. ಅಷ್ಟಕ್ಕೇ ಹಿಟ್ಟು ಅಳೆದ. ಬೆಳಿಗ್ಗೆ ಎದ್ದು ಮುದ್ದೆ ತಿರುವಿದ. ಅಂಗೈಯಷ್ಟೂ ಹಿಟ್ಟು ಮಿಗದ ಹಾಗೆ ಕಟ್ಟಿದ. ಪುಟ್ಟಮಲ್ಲಮ್ಮ ಜಗುಲಿಯ ಮೇಲೆ ಕೂತು ಕಣ್ಣರಳಿಸಿ ನೋಡುತ್ತಿದ್ದಳು.

"ಒಂದ್ ಹಿಡಿ ಹೆಚ್ಗೆ ಹಾಕಪ್ಪ" ಅಂದಳು.

"ನೀವು ಇವತ್ತು ಮಾತಾಡೋ ಹಾಗಿಲ್ಲ ಮಲ್ಲಮ್ಮಾ."

ಪಂಕ್ತಿ ಕೂತಿತು. ಷಡಕ್ಷರಿ ಬಡಿಸುತ್ತಾ ಬಂದ. ತಪ್ಪಲೆಯ ತಳ ಕಾಣಿಸುವುದಕ್ಕೂ ಪಂಕ್ತಿಯ ಕೊನೆಯ ತಟ್ಟೆ ಸಿಗುವುದಕ್ಕೂ ಸರಿಹೋಯಿತು. ಹೆಮ್ಮೆಯಿಂದ ದೊಡ್ಡಬುದ್ಧಿಯ ಮುಖ ನೋಡಿದ. ಅವರು ಮುದ್ದೆ ಮುರಿದು ಸಾರಲ್ಲಿ ಅದ್ದಿ ನುಂಗಿದರು.

ಅಷ್ಟರಲ್ಲಿ ಮುದ್ದುವೀರ ಕೈ ನೀಡಿದ. "ಸ್ವಾಮಿ, ಇನ್ನೊಂದ್ ಮುದ್ದೆ."

"ಒಂದು ಸಾಕು ಅಂದಿದ್ದೆ ನೀನು!"

"ಅದು ಸುಮ್ನೆ ಮಲಗಿದ್ ದಿನದ ಮಾತು. ಇವತ್ತು ಬುದ್ಧಿಯೋರು ಬೆಳಿಗ್ಗೆನೇ ಎಬ್ಬಿಸಿ ಆ ಹುಣಸೆ ಕೊರಡು ಸೀಳು ಅಂದ್ರು. ಹೊಟ್ಟೇಲಿ ಬೆಂಕಿ ಬಿದ್ದಂಗಾಗದೆ. ಎರಡು ಬೇಕು ಸ್ವಾಮಿ, ಮೂರಾದ್ರೂ ಬೇಡ ಅನ್ನಕಿಲ್ಲ."

"ಮುಗೀತಲ್ಲಪ್ಪ."

ಆಗ ಬಂತು ನೋಡಿ ಆ ಇನ್ನೊಂದು ನೇಮ. ಪಂಕ್ತಿಯಲ್ಲಿ ಒಬ್ಬನಿಗೆ ಬೇಕೆಂದದ್ದು ಇಲ್ಲವಾದರೆ ಯಾರೂ ಉಣ್ಣುವ ಹಾಗಿಲ್ಲ. ಅವನಿಗೆ ಸಿಗುವವರೆಗೂ ಎಲ್ಲರೂ ಕೈ ಮೇಲೆತ್ತಿ ಕೂರಬೇಕು.

ಮೊದಲು ದೊಡ್ಡಬುದ್ಧಿ ಕೈ ಎತ್ತಿದರು. ಆಮೇಲೆ ಪಂಕ್ತಿಯೆಲ್ಲ. ಬಾಯಿಗೆ ಹೋಗುತ್ತಿದ್ದ ತುತ್ತು ತಟ್ಟೆಗೆ ಇಳಿಯಿತು. ಇಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ಊಟದ ಮನೆ ಒಂದೇ ಸಲಕ್ಕೆ ನಿಶ್ಶಬ್ದವಾಯಿತು.

"ಬುದ್ಧೀ, ಲೆಕ್ಕ ಸರಿಯಾಗೇ ಇತ್ತು!" ಅಂದ ಷಡಕ್ಷರಿ.

"ಸರಿಯಾಗೇ ಇತ್ತು ಕಣಪ್ಪ. ತಪ್ಪಲೆ ನೋಡು, ಎಷ್ಟು ಚೊಕ್ಕಟ."

ಷಡಕ್ಷರಿ ತಪ್ಪಲೆ ನೋಡಿದ. ಪಂಕ್ತಿ ನೋಡಿದ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಯಾರಿಗೂ ಜ್ವರವಿಲ್ಲ, ಯಾರದೂ ತಪ್ಪಿಲ್ಲ. ಒಬ್ಬ ಕೆಲಸ ಮಾಡಿ ಹಸಿದು ಕೈ ನೀಡಿದ, ತಪ್ಪಲೆಯಲ್ಲಿ ಇರಲಿಲ್ಲ, ಪಂಕ್ತಿಗೆ ಪಂಕ್ತಿಯೇ ನಿಂತಿತು.

ಟಪ್ ಅಂತ.

"ಅಯ್ಯೋ ಬುದ್ಧೀ!" ಷಡಕ್ಷರಿ ಸವುಟು ಬಿಸಾಕಿ, ಹಿಟ್ಟಿನ ಕೈಯಲ್ಲೇ ಕಂಪ್ಯೂಟರ್ ಕೋಣೆಯ ಕಡೆ ಓಡಿದ. "ಎಲ್ಲಾ ನೋಡ್ದೆ, ನಾನು ತಂದ ಡಬ್ಬಾನ ಮಾತ್ರ ನೋಡ್ಲಿಲ್ಲ! ತಟ್ಟೆಯ ನೇಮಾನ ತಗೊಂಡೋಗಿ ತಪ್ಪಲೆಗೆ ಹಾಕ್ಬುಟ್ಟೆ!"

"ಏಯ್!" ದೊಡ್ಡಬುದ್ಧಿ ಕೂಗಿದರು. "ಮೊದಲು ಮುದ್ದೆ! ಕೈ ನೋಯ್ತಾ ಇದೆ ಕಣೋ!"

ಪಂಕ್ತಿ ಕೈ ಎತ್ತಿಕೊಂಡೇ ನಕ್ಕಿತು. ಪುಟ್ಟಮಲ್ಲಮ್ಮ ಅಷ್ಟರಲ್ಲೇ ಒಲೆಗೆ ಸೌದೆ ತುರುಕಿ ಎಸರು ಇಟ್ಟಾಗಿತ್ತು.

ಇಬ್ಬರೂ ಸೇರಿ ಮುದ್ದೆ ತಿರುವುವಾಗ ಷಡಕ್ಷರಿಗೆ ಹೊಸ ಹುರುಪು. "ಮಲ್ಲಮ್ಮಾ, ಪೇಟೇಲಿ ಇರೋದ್ರಲ್ಲೆಲ್ಲ ದೊಡ್ಡ ಡಬ್ಬಾನೇ ತಂದುಬಿಡ್ತೀನಿ. ಇನ್ನು ಜನ್ಮದಲ್ಲಿ ಕಮ್ಮಿ ಬೀಳಬಾರದು."

ಪಂಕ್ತಿಯಿಂದ ದೊಡ್ಡಬುದ್ಧಿಯ ದನಿ ಬಂತು. "ಮಲ್ಲಮ್ಮಾ, ನೀನು ದಿನಾ ಒಂದು ಹಿಡಿ ಹೆಚ್ಚಿಗೆ ಹಾಕ್ತೀಯಲ್ಲ, ಯಾರಿಗೆ?"

"ಯಾರಾರ ಬಂದ್ರೆ ಅಂತ ಬುದ್ಧೀ. ಇಲ್ಲಾ ಇದ್ದೋರಿಗೇ ಹಸಿವು ಜಾಸ್ತಿ ಆದ್ರೆ ಅಂತ."

"ಊರಿಗೆಲ್ಲ ಆಗೋ ಹಾಗೆ ಯಾಕೆ ಹಾಕಲ್ಲ?"

"ಊರು ಯಾಕ್ ಬಂದದು ಬುದ್ಧೀ? ಬಂದ್ರೆ ಒಬ್ರೋ ಇಬ್ರೋ. ಊರಿಗಾಗೋಷ್ಟು ಬೇಯಿಸಿ ಹಳಸೋಕೆ ಬುಡಕ್ಕಾದಾ?"

ಷಡಕ್ಷರಿ ದೊಡ್ಡ ಡಬ್ಬದ ಮಾತು ಬಿಟ್ಟು ಮುದ್ದೆ ತಿರುವಿದ.

ಊಹೆಯನ್ನೇ ನಂಬಿ ಗ್ರೈಂಡರಿಗೆ ಕೈಮುಗಿದವನು ಅವನು. ಈ ಸಲ ಹಾಗೆ ಮಾಡಲಿಲ್ಲ. ಬೇರೆ ಏನನ್ನೂ ಮುಟ್ಟದೆ, ಶಾಲೆಯಿಂದ ಅವರ ಪವರ್ ಸಪ್ಲೈ ಒಂದನ್ನು ಕಡ ತಂದು ಹಾಕಿದ. ತೊಳೆಯೋಕೆ ಹಚ್ಚಿದ. ಫ್ಯಾನು ಗುಂಯ್ ಅಂದಿತು. ಗುಂಯ್ ಅನ್ನುತ್ತಲೇ ಇತ್ತು, ಆರಲಿಲ್ಲ. ಸಂಜೆಗೆ ಅವರದನ್ನು ಅವರಿಗೆ ಮುಟ್ಟಿಸಿ, ಮಾರನೆಯ ದಿನ ಪೇಟೆಗೆ ಹೋದ.

ಅಂಗಡಿಯವನು ನೋಡಿದವನೇ ನಕ್ಕ. "ಏನ್ ಸ್ವಾಮಿ, ಇವತ್ತೂ ಪ್ರವಚನ ಇದೆಯಾ?"

"ಇದೆಯಪ್ಪ. ಅವತ್ತು ಅರ್ಧ ಹೇಳಿ ಹೋಗಿದ್ದೆ." ಷಡಕ್ಷರಿಯೂ ನಕ್ಕ. "ಮಾಮೂಲಿಗೆ ಎಷ್ಟು ಅಂತ ಕೇಳಲ್ಲ. ಎಲ್ಲಾ ಒಟ್ಟಿಗೆ ಮೈಮುರಿದು ಕೆಲಸಕ್ಕೆ ಕೂತಾಗ ಎಷ್ಟು ಎಳೆಯುತ್ತೆ, ಹೇಳು. ಅದರ ಮೇಲೆ ಒಂದು ಹಿಡಿ ಹೆಚ್ಚಿಗೆ ಇರಲಿ."

ಅಂಗಡಿಯವನು ಎರಡು ಡಬ್ಬ ಮುಂದಿಟ್ಟ. ಎಷ್ಟು ಕರೆಂಟು ಬಡಿಸಬಲ್ಲದು ಅಂತ ಎರಡರ ಮೇಲೂ ಬರೆದದ್ದು ಒಂದೇ ಅಂಕಿ. ಷಡಕ್ಷರಿ ಎರಡನ್ನೂ ಅಂಗೈಯಲ್ಲಿಟ್ಟು ತೂಗಿದ. ಒಂದು ಗಟ್ಟಿ ಭಾರ. ಇನ್ನೊಂದು ಖಾಲಿ ಚಿಪ್ಪಿನ ಹಾಗೆ ಹಗುರ.

"ಇದರ ಅಂಕಿ ಮೇಲೆ ನಿಂಗೆ ನಂಬಿಕೆ ಇದೆಯಾ?"

ಅಂಗಡಿಯವನು ಕೆಮ್ಮಿ, ಹಗುರದ್ದನ್ನು ಮೆಲ್ಲಗೆ ಒಳಗಿಟ್ಟ.

ಹುಣ್ಣಿಮೆಯ ದಿನ ಕಂಪ್ಯೂಟರ್ ಬೆಳಗಿಂದ ದುಡಿಯಿತು. ಅಡುಗೆಮನೆಯಲ್ಲಿ ಗ್ರೈಂಡರು ಗರಗರ ತಿರುಗುತ್ತಿತ್ತು, ದೀಪ ಒಂದು ಚೂರು ಮಂಕಾಗುತ್ತಿತ್ತು, ಷಡಕ್ಷರಿ ತಲೆ ಕೆಡಿಸಿಕೊಳ್ಳಲಿಲ್ಲ.

ಹೊಳೆಯಾಚೆ ಚಂದ್ರ ಎದ್ದ ಹೊತ್ತಿಗೆ ಪೂಜೆ ಮುಗಿಯಿತು. ಎಲ್ಲರೂ ಜಗುಲಿಯಲ್ಲಿ ಕೂತರು. ಪುಟ್ಟಮಲ್ಲಮ್ಮನನ್ನು ಮುಂದೆ ಕೂರಿಸಿದರು. ಅವತ್ತು ಅವಳು ಪ್ರಶ್ನೆ ಕೇಳಲಿಲ್ಲ. ಕೇಳೋಕೆ ಹೆದರಿಕೆ.

ಷಡಕ್ಷರಿ ಗುಂಡಿ ಒತ್ತಿದ.

ಗೊರಗೊರ ಇಲ್ಲ. ಮೊದಲು ಬೀಸುವ ಕಲ್ಲಿನ ಸದ್ದು, ಆಮೇಲೆ ಬಳೆಯ ಸದ್ದು. ಅದರ ಹಿಂದೆ ಒಂದು ಹೆಣ್ಣುದನಿ, ಅವಸರವಿಲ್ಲದ ದನಿ, ಕಲ್ಲಿನ ಒಂದೊಂದು ಸುತ್ತಿಗೂ ಒಂದೊಂದು ನುಡಿ ಹಾಕುತ್ತಾ ಹಾಡಿಕೊಂಡು ಬಂತು. ಪುಟ್ಟಮಲ್ಲಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಯಾರೂ ಅಲುಗಾಡಲಿಲ್ಲ. ಷಡಕ್ಷರಿಯ ಕಣ್ಣು ತುಂಬಿ ಬಂತು, ಅವನು ಒರೆಸಿಕೊಳ್ಳಲೂ ಇಲ್ಲ.

ನಡುವೆ ಹಾಡು ನಿಂತಿತು. ಕಲ್ಲು ನಿಂತಿತು. ಆ ದನಿ ಜೋರಾಗಿ ಗದರಿತು.

"ಪುಟ್ಟೀ! ಅಲ್ಲಿ ಏನ್ ನೋಡ್ತಾ ನಿಂತಿದ್ದೀಯೇ? ಒಲೆ ನೋಡೇ, ಎಸರು ಉಕ್ತಾ ಅದೆ!"

"ಬಂದೇ ಕಣವ್ವಾ!"

ಎಪ್ಪತ್ತು ದಾಟಿದ ಪುಟ್ಟಮಲ್ಲಮ್ಮ ಧಡಕ್ಕನೆ ಎದ್ದು, ಸೀರೆ ಎತ್ತಿ ಹಿಡಿದುಕೊಂಡು ಅಡುಗೆಮನೆಗೆ ಓಡಿಬಿಟ್ಟಳು.

ಜಗುಲಿಯವರೆಲ್ಲ ನಕ್ಕರು, ಅತ್ತರು, ಎರಡೂ ಒಟ್ಟೊಟ್ಟಿಗೆ. ಒಳಗಿಂದ ಅವಳ ನಗುವೂ ಕೇಳಿಸಿತು, ಬಿಕ್ಕುವುದೂ ಕೇಳಿಸಿತು. ಕಲ್ಲು ಮತ್ತೆ ತಿರುಗಿತು, ಹಾಡು ಮತ್ತೆ ಬಂತು.

ಹಾಡು ಮುಗಿದ ಮೇಲೆ ಷಡಕ್ಷರಿ ಊಟಕ್ಕೆ ತಟ್ಟೆ ಹಾಕೋಕೆ ಎದ್ದ. ರೂಢಿಯಂತೆ ತಲೆ ಎಣಿಸತೊಡಗಿದ.

ದೊಡ್ಡಬುದ್ಧಿ ಅವನ ಹೆಗಲ ಮೇಲೆ ಕೈಯಿಟ್ಟರು.

"ಒಂದು ತಟ್ಟೆ ಹೆಚ್ಚಿಗೆ ಹಾಕು ಷಡಕ್ಷರಿ. ಅವ್ವ ಬಂದಿದ್ದಾಳೆ."